ಆಯಿ ಹಳಿಯ ಮೇಲೆ ಮಿರಜಿಗೆ ಹೋದದ್ದು

ಕಳೆದ ಬೇಸಿಗೆಯಲ್ಲಿ ಮಾಲಗಾಂವದ ಹತ್ತಿರ, ದ್ರಾಕ್ಷಿ ತೋಟಗಳ ನಡುವೆ ಹೊಸದಾಗಿ ತೆರೆದ ಹೋಟೆಲೊಂದಕ್ಕೆ ಮನೆಮಂದಿಯೆಲ್ಲ ಊಟಕ್ಕೆ ಹೋಗಿದ್ದೆವು. ಅಂಗಳದಲ್ಲಿ ಕೂರುವುದಕ್ಕೆ, ರೈಲು ಹಳಿಯ ಕೆಳಗೆ ಹಾಸುವ ಹಳೆಯ ಮರದ ದಿಮ್ಮಿಗಳನ್ನು ಬೆಂಚಿನಂತೆ ಜೋಡಿಸಿದ್ದರು. ಮಧ್ಯಾಹ್ನದ ಬಿಸಿಲು ಅವುಗಳ ಮೇಲೆ ಸುರಿಯುತ್ತಿತ್ತು. ನಾನು ಕೂತು ಕೈಯೂರಿದೆ, ಅಷ್ಟರಲ್ಲಿ ಆ ವಾಸನೆ ಬಂತು. ಅದು ಡಾಂಬರಿನದೂ ಅಲ್ಲ, ಎಣ್ಣೆಯದೂ ಅಲ್ಲ. ಕಾದ ಮರ, ಕಾದ ಕಬ್ಬಿಣ, ಜಲ್ಲಿಕಲ್ಲಿನ ಧೂಳು ಎಲ್ಲ ಕೂಡಿ ಬಿಸಿಲಿಗೆ ಬೆವರಿದಂತೆ ಬರುವ ವಾಸನೆ. ಮಗಳು ತಟ್ಟೆಯನ್ನು ಮುಂದೆ ಸರಿಸಿ ಮರಾಠಿಯಲ್ಲಿ ಏನೋ ಕೇಳಿದಳಂತೆ, ನಾನು ಉತ್ತರ ಕೊಡಲಿಲ್ಲವಂತೆ. ಕೊಡುವುದಕ್ಕೆ ನಾನು ಅಲ್ಲಿ ಇದ್ದರಲ್ಲವೇ? ಸಾಂಗಲಿಗೂ ಮಿರಜಿಗೂ ನಡುವೆ, ಒಂಟಿ ಹಳಿಯೊಂದರ ಪಕ್ಕದ ನಮ್ಮ ಮನೆಯ ಹಿತ್ತಲಿನಲ್ಲಿ, ಫ್ರಾಕಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಬರಲಿರುವ ರೈಲಿಗಾಗಿ ಕತ್ತು ಚಾಚಿ ನಿಂತಿದ್ದೆ.

ಆ ಹಳಿ ಮಿರಜ ಜಂಕ್ಷನ್ನಿನಿಂದ ಕವಲೊಡೆದು, ಕುಪವಾಡದ ಕಡೆಯ ಬಯಲನ್ನು ದಾಟಿ, ನಮ್ಮ ಹಿತ್ತಲಿನ ಗೋಡೆಗೆ ಮೈ ಉಜ್ಜಿಕೊಂಡು ಸಾಂಗಲಿಯ ಹಳೆಯ ಗೋದಾಮುಗಳವರೆಗೆ ಹೋಗುತ್ತಿತ್ತು. ಎರಡು ಊರುಗಳನ್ನು ಕೂಡಿಸುವುದೆಂದು ಅದಕ್ಕೆ ಎಲ್ಲರೂ ಲಿಂಕ್ ಲೈನ್ ಎನ್ನುತ್ತಿದ್ದರು. ಯಾವಾಗಲೋ ಒಮ್ಮೆ, ಅರಿಶಿನದ ಹಂಗಾಮಿನಲ್ಲೋ ಬೆಲ್ಲದ ಹಂಗಾಮಿನಲ್ಲೋ, ನಾಲ್ಕಾರು ಡಬ್ಬಿಗಳನ್ನು ಎಳೆದುಕೊಂಡು ಒಂದು ಮುದಿ ಎಂಜಿನ್ನು ಬರುತ್ತಿತ್ತು. ಅದು ಬಂದುಹೋದ ಮೇಲೆ ಮತ್ತೆ ತಿಂಗಳುಗಟ್ಟಲೆ ಆ ಹಳಿ ನಮ್ಮದೇ. ಓಣಿಯ ಹೆಂಗಸರು ಅದರ ಮೇಲೆ ಹಾಸಿಗೆ ಒಣಗಿಸುತ್ತಿದ್ದರು, ಶಾವಿಗೆ ಹರವುತ್ತಿದ್ದರು. ಕಾದ ಹಳಿಯ ಮೇಲೆ ಹಪ್ಪಳ ಬೇಗ ಒಣಗುತ್ತದೆಂದು ನಮ್ಮ ಅವ್ವ ಸೀರೆಯನ್ನು ಉದ್ದಕ್ಕೆ ಹಾಸಿ ಸಾಲಾಗಿ ಹಪ್ಪಳ ಇಡುತ್ತಿದ್ದಳು. ದರ್ಜಿ ಮೆಹಬೂಬ ಚಾಚಾನ ಆಡು ಹಳಿಗೇ ಕಟ್ಟಿರುತ್ತಿತ್ತು. ಗಂಡುಹುಡುಗರಿಗೆ ಎರಡು ಹಳಿಯ ನಡುವಿನ ಜಾಗ ಕ್ರಿಕೆಟ್ಟಿನ ಪಿಚ್ಚು, ನಮಗೆ ಕುಂಟಾಬಿಲ್ಲೆಯ ಮನೆ.

ನಮ್ಮದು ಕನ್ನಡ ಮೂಲದ ಜೈನರ ಮನೆ. ಅಪ್ಪನಿಗೆ ಅರಿಶಿನದ ವ್ಯಾಪಾರ. ಅಪ್ಪನ ಅಂಗಿಯಿಂದ, ಹಾಸಿಗೆಯಿಂದ, ಮನೆಯ ಬಾಗಿಲಿನ ಚಿಲಕದಿಂದ ಕೂಡ ಅರಿಶಿನದ ಘಮ ಬರುತ್ತಿತ್ತು. ಅಪ್ಪನ ತಮ್ಮ ಬಾಳು ಕಾಕಾ ಯಾವ ಕೆಲಸವನ್ನೂ ಪೂರ್ತಿ ಮಾಡಿದವನಲ್ಲ, ಯಾವ ಕೆಲಸಕ್ಕೂ ಬೇಡ ಅಂದವನೂ ಅಲ್ಲ. ಇವರಿಬ್ಬರ ತಾಯಿ, ನನ್ನ ಅಜ್ಜಿ, ಪದ್ಮವ್ವ. ಅವಳನ್ನು ನಾವು ಆಯಿ ಎನ್ನುತ್ತಿದ್ದೆವು. ಓಣಿಯೆಲ್ಲ ಮರಾಠಿ, ಶಾಲೆಯೆಲ್ಲ ಮರಾಠಿ. ಆದರೆ ಮನೆಯ ಹೊಸ್ತಿಲು ದಾಟಿ ಆಯಿಯ ಮುಂದೆ ಬಂದು ನಿಂತರೆ ಕನ್ನಡವೇ. ಯಾರಾದರೂ ಮರೆತು ಮರಾಠಿಯಲ್ಲಿ ಏನಾದರೂ ಕೇಳಿದರೆ ಅವಳಿಗೆ ಕಿವಿಯೇ ಕೇಳಿಸುತ್ತಿರಲಿಲ್ಲ. ನಾವು ಅದನ್ನೇ ಕನ್ನಡದಲ್ಲಿ ಹೇಳಿದೊಡನೆ, ಅದೆಷ್ಟು ಮೆಲ್ಲಗೆ ಹೇಳಿದರೂ, ಕೇಳಿಸುತ್ತಿತ್ತು. ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿ, ಹಿತ್ತಲ ಬಾಗಿಲಲ್ಲಿ ಹಳಿಗೆ ಮುಖ ಮಾಡಿ ಕುರ್ಚಿಯಲ್ಲಿ ಕೂರುವುದು ಅವಳ ಪದ್ಧತಿ.

ಕುರ್ಚಿ ಅವಳಿಗೆ ಅಂಟಿದ್ದು ಬಸದಿಯ ಮೆಟ್ಟಿಲ ಮೇಲೆ ಜಾರಿಬಿದ್ದ ಮೇಲೆ. ಸೊಂಟದ ಎಲುಬು ಮುರಿದಿತ್ತು. ಮಿರಜಿನ ಆಸ್ಪತ್ರೆಯಲ್ಲಿ ಕೂಡಿಸಿ ಕಳಿಸಿದರು. ಕೂಡಿತು, ಆದರೆ ಸರಿಯಾಗಿ ಕೂಡಲಿಲ್ಲ. ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುತ್ತಿದ್ದಳು, ಅಷ್ಟೇ. ಆಸ್ಪತ್ರೆಯಿಂದ ಜೀಪಿನಲ್ಲಿ ಮನೆಗೆ ಕರೆತರುವಾಗ ರಸ್ತೆಯ ಒಂದೊಂದು ತಗ್ಗಿಗೂ ಅವಳು ತುಟಿ ಕಚ್ಚಿ, ಕೊನೆಗೆ ಎಚ್ಚರ ತಪ್ಪಿದ್ದಳು. ಅಂದೇ ಇನ್ನು ಜೀವ ಹೋದರೂ ರಸ್ತೆಯ ಮೇಲೆ ಕಾಲಿಡುವುದಿಲ್ಲ ಎಂದು ಹಟ ಹಿಡಿದಳು. ಆ ಹಟದಿಂದ ಅವಳಿಗೆ ತಪ್ಪಿಹೋದದ್ದು ಒಂದೇ ಒಂದು, ಆದರೆ ಅದೇ ದೊಡ್ಡದು. ಮಿರಜಿನಲ್ಲಿ ಅವಳ ಅಕ್ಕ ಚಂಪವ್ವ ಇದ್ದಳು. ಒಂದೇ ಹಂದರದಲ್ಲಿ ಇಬ್ಬರ ಮದುವೆಯಾಗಿ ಒಬ್ಬಳು ಸಾಂಗಲಿಗೆ, ಒಬ್ಬಳು ಮಿರಜಿಗೆ ಬಂದವರು. ಆಗ ಲಿಂಕ್ ಲೈನಿನ ಮೇಲೆ ದಿನಾ ಪ್ಯಾಸೆಂಜರ್ ಗಾಡಿ ಓಡುತ್ತಿತ್ತಂತೆ. ಹಬ್ಬ ಬರಲಿ, ಬಾಣಂತನ ಬರಲಿ, ಬರಿಯ ಬೇಸರ ಬರಲಿ, ಅಕ್ಕತಂಗಿಯರು ಸೆರಗು ಹೊದ್ದು ಗಾಡಿ ಹತ್ತುತ್ತಿದ್ದರಂತೆ. ಈಗ ತಂಗಿಗೆ ಸೊಂಟವಿಲ್ಲ, ಅಕ್ಕನಿಗೆ ಕಣ್ಣಿಲ್ಲ. ಅಪ್ಪ ವಾರಕ್ಕೊಮ್ಮೆ ಮಿರಜಿಗೆ ಹೋದಾಗ ಇವಳ ಮಾತು ಅಲ್ಲಿಗೆ, ಅವಳ ಮಾತು ಇಲ್ಲಿಗೆ ಮುಟ್ಟಿಸುತ್ತಿದ್ದ. ಆದರೆ ಅಪ್ಪ ಒಂದು ಮಾತಿಗೆ ಅರ್ಧ ಮಾತು ಆಡುವ ಮನುಷ್ಯ. ಅಕ್ಕ ಏನೆಂದಳು ಎಂದು ಆಯಿ ಕೇಳಿದರೆ "ಆರಾಮ ಇದ್ದಾಳ" ಎನ್ನುವನು. ಆಯಿ ಮುಖ ತಿರುಗಿಸಿ ಹಳಿಯ ಕಡೆ ನೋಡುವಳು.

ಇಂಥ ಕಾಲದಲ್ಲಿ ಒಂದು ಬೆಳಿಗ್ಗೆ ಬಾಳು ಕಾಕಾ ಪೇಪರನ್ನು ಬಾವುಟದಂತೆ ಬೀಸುತ್ತ ಓಡಿಬಂದ. ಲಿಂಕ್ ಲೈನನ್ನು ಮತ್ತೆ ಜೀವಂತ ಮಾಡುವ ಮಾತು ನಡೆದಿದೆ, ಸಾಂಗಲಿಯಿಂದ ಮಿರಜಿಗೆ ದಿನವಿಡೀ ಗಾಡಿ ಓಡಿಸುತ್ತಾರೆ, ನಡುವೆ ನಮ್ಮ ಓಣಿಯ ಹತ್ತಿರ ಗಾಡಿ ನಿಲ್ಲಲು ಒಂದು ಹಾಲ್ಟ್ ಮಾಡುತ್ತಾರೆ ಎಂದು ಅದರಲ್ಲಿ ಬರೆದಿತ್ತಂತೆ. ಆ ದಿನಗಳಲ್ಲಿ ನಂಬದೇ ಇರುವುದೇ ಕಷ್ಟವಾಗಿತ್ತು. ಏಕೆಂದರೆ ಎಲ್ಲವೂ ಬರುತ್ತಲೇ ಇತ್ತು. ಕೇಬಲ್ ಟಿವಿ ಬಂತು, ಓಣಿಯ ಮೇಲೆ ಕರಿಯ ವಾಯರುಗಳು ತೋರಣ ಕಟ್ಟಿದವು. ಹೆಸರು ಹೇಳಲು ಬಾರದ ಸಾಬೂನುಗಳು, ತಣ್ಣಗಿನ ಬಾಟಲಿಗಳು ಬಂದವು. ಕುಪವಾಡದ ಬಯಲಿನಲ್ಲಿ ಇಂದು ತಂತಿಬೇಲಿ, ನಾಳೆ ತಗಡಿನ ಛಾವಣಿ, ನಾಡಿದ್ದು ಸೈರನ್ನು. ಹೊಸ ಕೆಲಸಗಾರರು ಬಾಡಿಗೆ ಮನೆ ಹುಡುಕುತ್ತ ನಮ್ಮ ಓಣಿಗೂ ಬಂದರು. ಇಷ್ಟೆಲ್ಲ ಬರುವಾಗ, ಹಳಿ ಹಾಕಿಯೇ ಇರುವಾಗ, ರೈಲು ಬರುವುದರಲ್ಲಿ ಅಚ್ಚರಿಯೇನು? ಕಾಕಾ ಪೇಪರನ್ನು ಆಯಿಗೆ ಕನ್ನಡ ಮಾಡಿ ಮಾಡಿ ಓದಿದ. ಅವಳು ಎರಡು ಸಲ ಓದಿಸಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು, "ರೈಲಿಗೆ ತಗ್ಗು ದಿನ್ನಿ ಇರೂದಿಲ್ಲಲ್ಲೋ ಬಾಳೂ?"

ಆ ಪ್ರಶ್ನೆಯಿಂದ ಮನೆಗೆ ಮನೆಯೇ ಎದ್ದು ಕೂತಿತು. ಅವ್ವ ಆಯಿಯ ಜರಿ ಅಂಚಿನ ಸೀರೆಯನ್ನು ಟ್ರಂಕಿನಿಂದ ತೆಗೆದು ಗಾಳಿಗೆ ಹಾಕಿದಳು. ಕಾಕಾ ಹಿತ್ತಲ ಗೋಡೆಯನ್ನು ಒಡೆದು, ಹಳಿಗೆ ಬಾಗಿಲು ಬರುವಂತೆ ಚಿಕ್ಕ ಅಂಗಡಿಯೊಂದನ್ನು ಕಟ್ಟತೊಡಗಿದ. ಗಾಡಿ ನಿಂತಾಗ ಚಹಾ, ಭಡಂಗ ಎನ್ನುವ ಖಾರದ ಚುರುಮುರಿ, ತಣ್ಣನೆಯ ಬಾಟಲಿ. ಗೋಡೆ ಏಳುವ ಮೊದಲೇ ಬೋರ್ಡು ಬರೆಸಿ ತಂದ: ಹಾಲ್ಟ್ ಟೀ ಹೌಸ್. ಮೆಹಬೂಬ ಚಾಚಾ ಉಳಿದ ಬಟ್ಟೆಯ ತುಂಡುಗಳಿಂದ ನಮಗೆಲ್ಲ ಕೆಂಪು ಒಂದು, ಹಸಿರು ಒಂದು ಬಾವುಟ ಹೊಲಿದುಕೊಟ್ಟ. ನಾವು ಶಾಲೆ ಬಿಟ್ಟ ಕೂಡಲೇ ಹಳಿಯ ಮೇಲೆ ಸಾಲಾಗಿ ನಿಂತು, ಒಬ್ಬರ ಲಂಗ ಇನ್ನೊಬ್ಬರು ಹಿಡಿದು, ಬಾಯಿಂದಲೇ ಸಿಳ್ಳೆ ಊದುತ್ತ ಗಾಡಿಯಾಗಿ ಓಡುತ್ತಿದ್ದೆವು. ಮಿರಜಿನ ಕಡೆಯಿಂದ ಕೂಲಿಯವರ ಗುಂಪೊಂದು ಬಂದು ಜಾಲಿ ಕಡಿದು, ಹುಲ್ಲು ಕಿತ್ತು, ಮಣ್ಣು ಕೆರೆದು, ಹಳಿಯ ಹೊಟ್ಟೆಯನ್ನು ಬರಿದು ಮಾಡಿ ಹೋಯಿತು. ಎಷ್ಟೋ ವರ್ಷ ಮಣ್ಣಿನಡಿ ಮುಚ್ಚಿದ್ದ ದಿಮ್ಮಿಗಳು ಬಿಸಿಲು ಕಂಡು ಓಣಿಯ ತುಂಬ ಆ ವಾಸನೆ ಹರಡಿದ್ದು ಆಗಲೇ. ಅದು ನಮಗೆ ಬರಲಿರುವ ಹಬ್ಬದ ಅಡುಗೆಯ ವಾಸನೆಯಂತಿತ್ತು.

ಅದರ ಬೆನ್ನಿಗೇ ಟ್ರಾಲಿ ಸಾಹೇಬರು ಬಂದರು. ಅವರು ಹಳಿಯ ತಪಾಸಣೆಯ ಅಧಿಕಾರಿ. ಅವರ ಗಾಡಿಗೆ ಎಂಜಿನ್ನಿಲ್ಲ. ನಾಲ್ಕು ಕಬ್ಬಿಣದ ಗಾಲಿ, ಮೇಲೆ ಒಂದು ಮರದ ಬೆಂಚು, ಬೆಂಚಿಗೆ ಸಿಕ್ಕಿಸಿದ ದೊಡ್ಡ ಕೊಡೆ, ಮುಂದೆ ಒಂದು ಕೆಂಪು ಬಾವುಟ. ಹಿಂದಿನಿಂದ ಕೆಲಸಗಾರರು ಹಳಿಯ ಮೇಲೇ ಬರಿಗಾಲಲ್ಲಿ ಓಡುತ್ತ ನೂಕುತ್ತಿದ್ದರು. ವೇಗ ಬಂದೊಡನೆ ತಾವೂ ಹಾರಿ ಹತ್ತುತ್ತಿದ್ದರು. ಅಷ್ಟು ಚಂದದ ವಾಹನವನ್ನು ನಾವು ಯಾರೂ ಕಂಡಿರಲಿಲ್ಲ. ಟ್ರಾಲಿ ನಮ್ಮ ಹಿತ್ತಲಿನ ಮುಂದೆ ನಿಂತಿತು, ಏಕೆಂದರೆ ಹಳಿಯ ಮೇಲೆ ಅವ್ವನ ಹಪ್ಪಳಗಳಿದ್ದವು. ಸಾಹೇಬರು ಇಳಿದು ಕೈಮುಗಿದು ಹರಕುಮುರುಕು ಮರಾಠಿಯಲ್ಲಿ ಹಪ್ಪಳ ತೆಗೆಯಿರಿ, ಇನ್ನು ಗಾಡಿ ಬರುತ್ತದೆ ಎಂದು ಹೇಳತೊಡಗಿದರು. ಆ ಮರಾಠಿ ಕೇಳಿ ಆಯಿ ಕುರ್ಚಿಯಲ್ಲಿ ನೆಟ್ಟಗಾದಳು.

"ಕನ್ನಡದವರೇನ್ರಿ ನೀವು?"

"ಹೌದ್ರಿ ಅವ್ವಾರ. ಗದಗ ಕಡೆಯವರು."

"ಹಂಗಾದ್ರ ಒಳಗ ಬರ್ರಿ, ಕುಂದ್ರಿ. ಹಪ್ಪಳ ಆಮ್ಯಾಲ ತಗಸೋಣಂತ."

ಅಂದಿನಿಂದ ಟ್ರಾಲಿ ಬಂದಾಗಲೆಲ್ಲ ನಮ್ಮ ಹಿತ್ತಲಲ್ಲಿ ನಿಲ್ಲುವುದು ರೂಢಿಯಾಯಿತು. ಸಾಹೇಬರು ಹಳಿ ಅಳೆಯುವರು, ಕಲ್ಲುಗಳ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿಸುವರು, ಮೊಳೆಗಳನ್ನು ಸುತ್ತಿಗೆಯಿಂದ ಬಡಿದು ಕಿವಿಗೊಟ್ಟು ಕೇಳುವರು. ನಾವು ಅವರ ಹಿಂದೆಯೇ. ಹಸಿವಾದಾಗ ಜೋಳದ ರೊಟ್ಟಿ, ಮಡಕಿ ಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಬೆಳ್ಳುಳ್ಳಿ ಹಾಕದೆ ಇಷ್ಟು ರುಚಿ ಹೇಗೆ ಬರುತ್ತದೆ ಎಂದು ಅವರು ಪ್ರತಿ ಸಲವೂ ಕೇಳುವರು, ಅವ್ವ ಪ್ರತಿ ಸಲವೂ ನಾಚುವಳು. ಅವರ ಹೆಂಡತಿ ಮಕ್ಕಳು ಊರಿನಲ್ಲೇ ಇದ್ದರು. ಮಿರಜಿನ ಕ್ವಾರ್ಟರ್ಸಿನಲ್ಲಿ ಒಬ್ಬರೇ ಕುದಿಸಿಕೊಂಡು ತಿನ್ನುತ್ತಿದ್ದರು. ಆಯಿ ಅವರನ್ನು ಗದಗಿನ ಮಳೆ, ಹತ್ತಿ, ಮಕ್ಕಳ ಹೆಸರು ಎಲ್ಲವನ್ನೂ ಕೇಳಿದಳು. ಗಾಡಿ ಎಂದು ಬರುತ್ತದೆ ಎಂಬುದನ್ನು ಮಾತ್ರ ಅವಳು ಕೇಳಲಿಲ್ಲ. ಅದನ್ನು ಕೇಳುತ್ತಿದ್ದವನು ಕಾಕಾ. ದೀಪಾವಳಿಯ ಹೊತ್ತಿಗೆ ಬಂದರೂ ಬರಬಹುದು ಎಂದು ಅವರು ಒಮ್ಮೆ ಅಂದದ್ದೇ ತಡ, ಕಾಕಾ ಓಣಿಯೆಲ್ಲ ಸುತ್ತಿ ದೀಪಾವಳಿಗೆ ರೈಲು ಎಂದು ಸಾರಿಬಿಟ್ಟ. ಅಂದು ಹುಡುಗರು ದೀಪಾವಳಿಗೆಂದು ಕೂಡಿಟ್ಟಿದ್ದ ಪಟಾಕಿಯನ್ನೆಲ್ಲ ಸುಟ್ಟರು.

ಕಾಕಾ ಇನ್ನೂ ಒಂದು ಮಾತು ಕೇಳಿ ನೋಡಿದ್ದ. ಗಾಡಿ ಬರುವವರೆಗೂ ಕಾಯುವುದೇಕೆ, ಟ್ರಾಲಿಯ ಮೇಲೆಯೇ ನಮ್ಮ ತಾಯಿಯನ್ನು ಒಮ್ಮೆ ಮಿರಜಿಗೆ ಮುಟ್ಟಿಸುತ್ತೀರಾ ಎಂದು. ಸಾಹೇಬರ ಮುಖ ಗಂಭೀರವಾಯಿತು. ಹೊರಗಿನವರನ್ನು ಹತ್ತಿಸಿಕೊಂಡದ್ದು ತಿಳಿದರೆ ತಮ್ಮ ಕೆಲಸಕ್ಕೇ ಕುತ್ತು ಎಂದರು. ಕಾಕಾ ಕ್ಷಮೆ ಕೇಳಿದ. ಆಯಿ ಇದನ್ನೆಲ್ಲ ಕೇಳಿಸಿಕೊಂಡು, ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕೆಂದು ಅವ್ವನಿಗೆ ಸನ್ನೆ ಮಾಡಿದಳು.

ದೀಪಾವಳಿ ಇನ್ನೂ ದೂರವಿತ್ತು. ಮಳೆ ಒಂದೆರಡು ದಿನ ಬಿಡುವು ಕೊಟ್ಟು ಆಕಾಶ ತೊಳೆದಿಟ್ಟಂತಿದ್ದ ಒಂದು ಬೆಳಿಗ್ಗೆ ಟ್ರಾಲಿ ಸಾಂಗಲಿಯ ಕಡೆಯಿಂದ ಬಂದು ನಿಂತಿತು. ಅದರಲ್ಲಿ ಬಣ್ಣದ ಡಬ್ಬಿ ಇರಲಿಲ್ಲ, ಅಳತೆಯ ಪಟ್ಟಿ ಇರಲಿಲ್ಲ. ಸಾಹೇಬರು ಇಳಿದರು, ಆದರೆ ಕೂರಲಿಲ್ಲ. ಅಂಗಡಿಯ ಬಾಗಿಲಿಗೆ ಹಸಿರು ಬಣ್ಣ ಬಳಿಯುತ್ತಿದ್ದ ಕಾಕಾ ಕುಂಚ ಹಿಡಿದುಕೊಂಡೇ ಎದ್ದು ಬಂದ.

"ಬಾಳಾಸಾಹೇಬ್ರ, ಕೆಲಸ ನಿಂತೈತ್ರಿ," ಎಂದರು ಅವರು. "ನಮ್ಮನ್ನೆಲ್ಲಾ ಬ್ಯಾರೆ ಕಡೆ ದೊಡ್ಡ ಹಳಿ ಕೆಲಸಕ್ಕ ಕಳಸಾಕತ್ತಾರ. ಈ ಹಾದಿಗೆ ನಂದು ಇದ ಕಡೀ ಸರತಿ."

ಕಾಕಾನ ಕುಂಚದಿಂದ ಹಸಿರು ಬಣ್ಣ ಅವನ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಅಂಗಳದಲ್ಲಿದ್ದ ನಮಗೆ ಪೂರ್ತಿ ಅರ್ಥವಾಗದಿದ್ದರೂ ದೊಡ್ಡವರ ಮುಖ ನೋಡಿ ಬಾವುಟಗಳನ್ನು ಬೆನ್ನ ಹಿಂದೆ ಹಿಡಿದುಕೊಂಡೆವು. ಆಗ ಆಯಿ ಮಾತಾಡಿದಳು. ಅವಳ ದನಿಯಲ್ಲಿ ಅಳುವಿರಲಿಲ್ಲ, ಸಿಟ್ಟಿರಲಿಲ್ಲ.

"ಗಾಡಿ ಬರೂದು ಬಿಡೂದು ಆ ಮಾತು ಬ್ಯಾರೆ. ಈಗ ನೀವು ಎಲ್ಲಿಗೆ ಹೊಂಟೀರಿ?"

"ಮಿರಜಿಗೆ ರಿ."

"ಈ ಹಳಿ ಮ್ಯಾಲೇ?"

"ಹೌದ್ರಿ."

"ಹಂಗಾದ್ರ ನನ್ನೂ ಕರಕೊಂಡು ಹೋಗ್ರಿ."

ಸಾಹೇಬರು ಹಳಿಯುದ್ದಕ್ಕೂ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿದರು. ಆಮೇಲೆ ತಮ್ಮ ಟ್ರಾಲಿಯವರ ಮುಖ ನೋಡಿದರು. ಅವರಲ್ಲಿ ಹಿರಿಯನಾದವನು ಹೆಗಲ ಮೇಲಿನ ಟವೆಲು ತೆಗೆದು ಬೆಂಚನ್ನು ಒರೆಸಿದ. ಸಾಹೇಬರು, "ಅವ್ವಾರಿಗೆ ಒಂದು ದಿಂಬು ತರ್ರಿ," ಎಂದರು.

ಮನೆಯಲ್ಲಿ ಯಾರು ಯಾರಿಗೆ ಡಿಕ್ಕಿ ಹೊಡೆದರು, ಯಾರು ಯಾವ ಪೆಟ್ಟಿಗೆ ತೆರೆದರು ತಿಳಿಯದು. ಅವ್ವ ಆಯಿಗೆ ಜರಿ ಅಂಚಿನ ಸೀರೆ ಉಡಿಸಿದಳು. ಒಂದು ಗಂಟಿನಲ್ಲಿ ಎರಡು ಸೀರೆ, ಜಪದ ಸರ, ನೀರು ಸೋಸುವ ಬಟ್ಟೆ. ಇನ್ನೊಂದರಲ್ಲಿ ರೊಟ್ಟಿ, ಚಟ್ನಿ, ಅಕ್ಕನಿಗೆ ಇಷ್ಟವೆಂದು ಒಂದು ಹಿಡಿ ಹೊಸ ಹಪ್ಪಳ. ಕಾಕಾ ತನ್ನ ಲೂನಾವನ್ನು ತುಳಿದು ತುಳಿದು ಚಾಲೂ ಮಾಡಿ, ಚಂಪವ್ವನಿಗೆ ಸುದ್ದಿ ಮುಟ್ಟಿಸಲು ಹಸಿರು ಕಾಲಿನಲ್ಲೇ ಮಿರಜಿನ ದಾರಿ ಹಿಡಿದ. ಆಯಿಯನ್ನು ಕುರ್ಚಿಯ ಸಮೇತ ಎತ್ತಿ ಬೆಂಚಿನ ಪಕ್ಕಕ್ಕೆ ತಂದು, ಮೆಲ್ಲಗೆ ಬೆಂಚಿಗೆ ಜಾರಿಸಿದರು. ಅವಳನ್ನು ಹಿಡಿದುಕೊಂಡು ಕೂರಲು ಒಬ್ಬರು ಬೇಕಿತ್ತು. ಅವ್ವನಿಗೆ ಜಾಗ ಸಾಲದು. ಸಾಹೇಬರ ಬೆರಳು ನನ್ನ ಕಡೆ ತಿರುಗಿದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ನೂಕಿದರು. ಹಳಿಯ ಮೊದಲ ಸಂದು ದಾಟುವಾಗ ಗಾಲಿ ಟಕ್ ಎಂದಿತು; ಆಯಿ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿದಳು. ನೋವು ಬರಲಿ ಎಂದು ಕಾಯುತ್ತಿರುವವಳ ಮುಖ. ಇನ್ನೊಂದು ಟಕ್, ಮತ್ತೊಂದು ಟಕ್. ನೋವು ಬರಲಿಲ್ಲ. ಅವಳು ಒಂದು ಕಣ್ಣು ತೆರೆದಳು, ಆಮೇಲೆ ಇನ್ನೊಂದು. ಹಿಂದಿನ ಕಾಲುಗಳ ಸಪ್ಪಳ ಜೋರಾಯಿತು, ಗಾಳಿ ನಮ್ಮ ಮುಖಕ್ಕೆ ಬಡಿಯಿತು, ಕೊಡೆ ಪಟಪಟ ಹೊಡೆದುಕೊಂಡಿತು, ಟ್ರಾಲಿಯವರು ಹಾರಿ ಹತ್ತಿದರು. ಈಗ ಯಾರೂ ನೂಕುತ್ತಿರಲಿಲ್ಲ, ಆದರೂ ನಾವು ಹೋಗುತ್ತಿದ್ದೆವು. ಓಣಿಯ ಹುಡುಗರು ಬಾವುಟ ಬೀಸುತ್ತ ಸ್ವಲ್ಪ ದೂರ ಓಡಿಬಂದು ಹಿಂದೆ ಬಿದ್ದರು. ಹಿತ್ತಲುಗಳಿಂದ ಹೆಂಗಸರು ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ಆಯಿ ಸೆರಗು ಸರಿಮಾಡಿಕೊಂಡು, ಹೊಸದಾಗಿ ಮನೆ ತುಂಬುವ ಸೊಸೆಯ ಹಾಗೆ ಎರಡೂ ಕಡೆಗೆ ಕೈಮುಗಿಯುತ್ತ ಹೋದಳು.

ಕುಪವಾಡದ ಬಯಲಿಗೆ ಬಂದಾಗ ಅವಳಿಗೆ ಗುರುತೇ ಹತ್ತಲಿಲ್ಲ. ಇಲ್ಲಿ ಜೋಳದ ಹೊಲಗಳಿದ್ದವು, ಇಲ್ಲಿ ಒಂದು ಬಾವಿ ಇತ್ತು, ಗಾಡಿ ಇಲ್ಲಿ ನಿಧಾನವಾದಾಗ ಹುಡುಗರು ಹಾರಿ ಇಳಿದು ಕಡಲೆಗಿಡ ಕಿತ್ತು ಮತ್ತೆ ಹತ್ತುತ್ತಿದ್ದರು ಎಂದು ಬೆರಳು ಮಾಡುತ್ತಲೇ ಇದ್ದಳು. ಅವಳ ಬೆರಳಿನ ತುದಿಯಲ್ಲಿ ನನಗೆ ಕಂಡದ್ದು ತಗಡಿನ ಶೆಡ್ಡುಗಳು, ಹೊಗೆ, ಊಟದ ಡಬ್ಬಿ ಹಿಡಿದು ಗೇಟಿನ ಮುಂದೆ ನಿಂತ ಕೆಲಸಗಾರರು. ಅವರೂ ನಮ್ಮನ್ನು ನೋಡಿ ಬಾಯಿ ತೆರೆದು ನಿಂತರು. ರಸ್ತೆ ಹಳಿಯನ್ನು ದಾಟುವಲ್ಲಿಗೆ ಬಂದಾಗ ಟ್ರಾಲಿ ನಿಂತಿತು. ಅಲ್ಲಿ ಲಾರಿ, ಟೆಂಪೋ, ಟ್ರ್ಯಾಕ್ಟರು, ಸೈಕಲ್ಲುಗಳು ಒಂದನ್ನೊಂದು ಒತ್ತಿಕೊಂಡು ಹೋಗುತ್ತಿದ್ದವು. ಸಾಹೇಬರು ಕೆಂಪು ಬಾವುಟ ಹಿಡಿದು ರಸ್ತೆಯ ನಡುವೆ ಹೋಗಿ ನಿಂತರು. ಒಂದೊಂದಾಗಿ ಎಲ್ಲವೂ ನಿಂತವು, ಹಾರ್ನುಗಳೂ ನಿಂತವು. ಯಾವ ರಸ್ತೆಗೆ ಅಂಜಿ ಆಯಿ ವರ್ಷಗಟ್ಟಲೆ ಹಿತ್ತಲು ಬಿಟ್ಟು ಹೊರಗೆ ಬಂದಿರಲಿಲ್ಲವೋ, ಆ ರಸ್ತೆ ಅಂದು ಆಯಿಗಾಗಿ ನಿಂತಿತು. ನಾವು ಅದರ ನಡುವೆ, ಕೊಡೆಯ ನೆರಳಲ್ಲಿ, ಮೆಲ್ಲಗೆ ಟಕ್ ಟಕ್ ಎಂದು ದಾಟಿ ಹೋದೆವು.

ಜಂಕ್ಷನ್ನಿನೊಳಗೆ ನಮ್ಮನ್ನು ಕರೆದೊಯ್ಯುವಂತಿರಲಿಲ್ಲ. ಅದಕ್ಕೂ ಮೊದಲೇ, ಹಳಿ ಮಿರಜಿನ ಮನೆಗಳ ಬೆನ್ನಿಗೆ ಬರುವಲ್ಲಿ ಒಂದು ಬೇವಿನ ಮರವಿತ್ತು. ಅದರ ಕೆಳಗೆ ಕಾಕಾ ನಿಂತಿದ್ದ. ಅವನ ಪಕ್ಕದಲ್ಲಿ ಒಂದು ಟಾಂಗಾ, ಟಾಂಗಾದಲ್ಲಿ ಬಿಳಿಯ ಸೀರೆಯ ಚಂಪವ್ವ, ಸದ್ದು ಬರುವ ಕಡೆ ಕಿವಿ ಮಾಡಿ ಕೂತಿದ್ದಳು. ಟ್ರಾಲಿಯವರು ಆಯಿಯನ್ನು ಎತ್ತಿ ಟಾಂಗಾದ ಮಗ್ಗುಲಿಗೆ ತಂದು ಹಿಡಿದರು. ಮೇಲಿನಿಂದ ಒಂದು ಕೈ ಇಳಿದು ಬಂದು ಆಯಿಯ ತಲೆ, ಹಣೆ, ಗದ್ದ, ಹೆಗಲು ಎಲ್ಲವನ್ನೂ ಮುಟ್ಟಿ ನೋಡಿತು. ಇಬ್ಬರೂ ಅಳಬಹುದೆಂದು ನಾನು ಕಾದೆ.

"ಪದ್ದೀ, ಸೊರಗೀಯಲ್ಲೇ," ಎಂದಳು ಚಂಪವ್ವ. "ಗಾಡಿ ಸಪ್ಪಳಾನ ಕೇಳಲಿಲ್ಲ. ಯಾವ ರೈಲಿನಾಗ ಬಂದಿ?"

"ಈಗ ಸಪ್ಪಳಿಲ್ಲದ್ದು ಬಂದೈತೇ ಅಕ್ಕ. ಹೊಸಾದು."

ಸಾಹೇಬರು ಇದನ್ನು ಕೇಳಿ ಕಿಸೆಯಿಂದ ಸೀಟಿ ತೆಗೆದು ಉದ್ದಕ್ಕೆ ಊದಿದರು. ಚಂಪವ್ವ, ಹಾಂ, ಈಗ ಕೇಳಿತು ಎಂದಳು. ಟ್ರಾಲಿಯವರು, ಟಾಂಗಾದವನು, ಕಾಕಾ, ನಾನು, ಎಲ್ಲರೂ ನಕ್ಕೆವು. ಕಾಕಾ ನಗುತ್ತ ನಗುತ್ತ ಬೇವಿನ ಮರದ ಆ ಬದಿಗೆ ಹೋಗಿ ಸ್ವಲ್ಪ ಹೊತ್ತು ಅಲ್ಲಿಯೇ ನಿಂತ. ಚಂಪವ್ವನ ಮನೆ ಅಲ್ಲಿಂದ ಕೂಗಳತೆಯಲ್ಲಿತ್ತು. ಟ್ರಾಲಿಯವರು ಅಲ್ಲಿಂದ ಒಂದು ಕುರ್ಚಿ ತಂದು, ಆಯಿಯನ್ನು ಅದರಲ್ಲಿ ಕೂರಿಸಿ ಹೊತ್ತೇ ಮುಟ್ಟಿಸಿದರು. ಸಾಹೇಬರು ಒಂದು ಲೋಟ ನೀರು ಕುಡಿದು, ಆಯಿಯ ಕಾಲಿಗೆ ನಮಸ್ಕಾರ ಮಾಡಿ ಹೋದರು. ಮತ್ತೆ ಅವರನ್ನು ನಾವು ನೋಡಲಿಲ್ಲ.

ಅಂದು ಇಳಿಹೊತ್ತಿನವರೆಗೂ ಅಕ್ಕತಂಗಿಯರು ಮಾತಾಡಿದರು. ಆ ಕನ್ನಡ ನಮ್ಮ ಮನೆಯ ಕನ್ನಡವೂ ಆಗಿರಲಿಲ್ಲ. ಅವರ ತವರಿನ ಹೊಲ, ದನ, ಅತ್ತೆಯರ ಅಡ್ಡಹೆಸರು, ಅರ್ಧಕ್ಕೇ ನಿಲ್ಲುವ ಗಾದೆಗಳು ಎಲ್ಲ ಇದ್ದ, ಇಬ್ಬರಿಗೆ ಮಾತ್ರ ಗೊತ್ತಿದ್ದ ಕನ್ನಡ. ಒಬ್ಬಳು ಮಾತು ಶುರುಮಾಡಿದರೆ ಅವಳು ಮುಗಿಸುವ ಮೊದಲೇ ಇನ್ನೊಬ್ಬಳು ನಗುತ್ತಿದ್ದಳು. ನಮ್ಮ ಮನೆಯಲ್ಲಿ ಆಯಿ ಅಷ್ಟು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಸಂಜೆ ಕಾಕಾ ನನ್ನನ್ನು ಲೂನಾದ ಮೇಲೆ ಕೂರಿಸಿಕೊಂಡು ಹೊರಟಾಗ ಆಯಿ ನನ್ನ ಕೆನ್ನೆ ಹಿಂಡಿ, ರೈಲು ಬಂದ ದಿನ ಬರುತ್ತೇನೆ ಎಂದಳು. ಅವಳ ಮುಖ ಎಷ್ಟು ಬೆಳಗುತ್ತಿತ್ತೆಂದರೆ, ಆ ಮಾತಿನ ಅರ್ಥ ನನಗೆ ಮನೆಗೆ ಬಂದು, ಹಿತ್ತಲಿನ ಖಾಲಿ ಬಾಗಿಲನ್ನು ನೋಡುವವರೆಗೂ ಹೊಳೆಯಲಿಲ್ಲ.

ಅವಳು ಬರಲಿಲ್ಲ. ಅಪ್ಪ ಮೆತ್ತನೆಯ ಸೀಟಿನ ಕಾರು ಬಾಡಿಗೆಗೆ ತರುತ್ತೇನೆಂದ, ಬೇಡವೆಂದಳು. ಚಾತುರ್ಮಾಸ ಮುಗಿಯಲಿ ಎಂದಳು, ಅಕ್ಕನಿಗೆ ಯಾರಿದ್ದಾರೆ ಎಂದಳು, ಕೊನೆಗೆ ಬರಿದೇ ನಕ್ಕಳು. ಕಾಕಾ ಅಂಗಡಿಯ ಬಾಗಿಲನ್ನು ಹಳಿಯ ಕಡೆಯಿಂದ ಮುಚ್ಚಿ ಓಣಿಯ ಕಡೆಗೆ ತೆರೆದ. ಟೀ ಹೌಸಿನ ಬೋರ್ಡು ಇಳಿದು ಹಳದಿ ಬಣ್ಣದ ಟೆಲಿಫೋನ್ ಬೂತಿನ ಬೋರ್ಡು ಏರಿತು. ಅವನ ಜೀವನದಲ್ಲಿ ನಡೆದ ಒಂದೇ ವ್ಯಾಪಾರ ಅದು. ಭಾನುವಾರ ಬೂತಿನ ಗಾಜಿನ ಬಾಗಿಲು ಎಳೆದುಕೊಂಡು ನಾನು ಮಿರಜಿನ ಆ ಮನೆಯ ಪಕ್ಕದವರಿಗೆ ಫೋನ್ ಮಾಡುತ್ತಿದ್ದೆ. ಆಯಿಯನ್ನು ಕರೆತರುವಷ್ಟರಲ್ಲಿ ಆ ಕಡೆ ಕುರ್ಚಿ ಎಳೆಯುವ ಸದ್ದು, ಕೋಲಿನ ಸದ್ದು, ಚಂಪವ್ವನ ನಗು ಕೇಳುತ್ತಿತ್ತು. ಆಯಿ ಬಂದು ಉಂಡಿಯಾ ಎಂದು ಕೇಳುವಳು, ಅವ್ವನ ಹಪ್ಪಳ ಸುಟ್ಟು ತಿಂದೆವು ಎಂದು ಹೇಳುವಳು. ನಾನು ಮರಾಠಿ ಶಬ್ದ ನುಸುಳಿಸಿದರೆ ಮೊದಲಿನಂತೆಯೇ ಅವಳಿಗೆ ಕೇಳಿಸುತ್ತಿರಲಿಲ್ಲ. ಎರಡು ಮಳೆಗಾಲ ಹೀಗೆ ಹೋದವು. ಮೂರನೆಯದರ ಮೊದಲು ಅವಳು ಹೋದಳು. ಅದೇ ವರ್ಷ ದೀಪಾವಳಿಯೊಳಗೆ ಚಂಪವ್ವನೂ. ಆಯಿಯನ್ನು ಮಿರಜಿನಲ್ಲೇ ಅಗ್ನಿಗೆ ಕೊಟ್ಟರು. ರಸ್ತೆಯ ಮೇಲೆ ಸಾಂಗಲಿಗೆ ತರುವುದು ಬೇಡವೆಂದು ಅಪ್ಪನೇ ಹೇಳಿದ.

ಆಮೇಲೆ ಮನೆಯಲ್ಲಿ ಕನ್ನಡ ಮೆಲ್ಲಗೆ ಕಡಿಮೆಯಾಯಿತು. ಅಪ್ಪ ಅವ್ವ ತಮ್ಮಿಬ್ಬರೊಳಗೆ ಆಡಿಕೊಳ್ಳುತ್ತಿದ್ದರು, ನಮ್ಮೊಡನೆ ಮರಾಠಿ. ಕುಪವಾಡ ಬೆಳೆದು ನಮ್ಮ ಓಣಿಯನ್ನು ಮುಟ್ಟಿತು. ಹಳಿಯ ಮೇಲೆ ಒಂದು ಕಡೆ ಮಣ್ಣು ಬಿತ್ತು, ಒಂದು ಕಡೆ ಡಾಂಬರು ಬಿತ್ತು, ಸಾಂಗಲಿಯ ತುದಿಯಲ್ಲಿ ಯಾರೋ ಕಿತ್ತುಕೊಂಡೂ ಹೋದರು. ಅಪ್ಪ ಅವ್ವ ತೀರ ಮುಪ್ಪಾಗುವ ಮೊದಲೇ ನಮ್ಮ ಮನೆಯ ಜಾಗದಲ್ಲಿ ಫ್ಲ್ಯಾಟುಗಳು ಎದ್ದು, ಅವರು ಅವುಗಳಲ್ಲೊಂದರಲ್ಲಿ ನನ್ನೊಡನೆ ಇದ್ದು, ಒಬ್ಬರ ಹಿಂದೆ ಒಬ್ಬರು ಹೋದರು. ನಾನು ಈಗಲೂ ಸಾಂಗಲಿಯಲ್ಲೇ ಇದ್ದೇನೆ. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಆಡಲು ಬಾರದು.

ಮೊನ್ನೆ ಕಾಕಾ ಫೋನ್ ಮಾಡಿದ್ದ. ಅವನಿಗೀಗ ಬಹಳ ವಯಸ್ಸು. ಕಸಬೆ ಡಿಗ್ರಜದಲ್ಲಿ ಮಗಳ ಮನೆಯಲ್ಲಿ, ಕೃಷ್ಣೆಯ ದಂಡೆಯ ಹತ್ತಿರ ಇರುತ್ತಾನೆ. ಪೇಪರಿನಲ್ಲಿ ಮತ್ತೆ ಬಂದಿದೆಯಂತೆ. ಎರಡು ಊರು ಬೆಳೆದು ಒಂದಾಗಿವೆ, ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲ, ಲಿಂಕ್ ಲೈನನ್ನು ಮತ್ತೆ ಹಾಕಬೇಕೆಂದು ಜನ ಕೇಳುತ್ತಿದ್ದಾರಂತೆ. ಅವನ ದನಿ ಏರಿತ್ತು, ಉಸಿರು ಸಾಲುತ್ತಿರಲಿಲ್ಲ. ಈ ಸಲ ಆಗೇ ಆಗುತ್ತದೆ, ಮೊದಲ ದಿನವೇ ಇಬ್ಬರೂ ಹೋಗೋಣ, ಟಿಕೀಟು ನಾನೇ ತೆಗೆಯುತ್ತೇನೆ ಎಂದ. ನನಗೂ ತಡೆಯಲಾಗಲಿಲ್ಲ. ಹೋಗೋಣ ಕಾಕಾ, ಕಿಟಕಿ ಪಕ್ಕದಲ್ಲಿ ನೀವು ಕೂತುಕೊಳ್ಳಿ ಎಂದೆ. ಯಾವ ಸೀರೆ ಉಡಲಿ ಎಂದು ಕೂಡ ಆ ಕ್ಷಣಕ್ಕೆ ಮನಸ್ಸಿನಲ್ಲಿ ಹಾದುಹೋಯಿತು. ಬೆಳಗಿನ ಗಾಡಿಗೆ ಹೋಗಿ ಸಂಜೆಯ ಗಾಡಿಗೆ ಬರುವುದೆಂದು ನಿರ್ಧರಿಸಿದೆವು. ಮಿರಜಿನಲ್ಲಿ ಇಳಿದು ಯಾರ ಮನೆಗೆ ಹೋಗುವುದು ಎಂದು ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ.